ರನ್‌ವೇ ದೀಪಗಳ ಪರೀಕ್ಷೆ: ಕಂಪ್ಯೂಟರಿನಲ್ಲೋ, ನೆಲದ ಮೇಲೋ?

ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಹಿಡಿದರೆ ದಾರಿ ಎರಡು: ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲೇ ಅನುಕರಿಸಿ ನೋಡುವುದು, ಅಥವಾ ನೇರ ಅಳತೆ.

ಮಂಜಿನ ಪ್ರಶ್ನೆಯಾದರೆ ಸಿಮ್ಯುಲೇಶನ್ನೇ ಸರಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಮಗೆ ಬೇಕೆಂದಾಗ ಮಂಜು ಕವಿಯುವುದಿಲ್ಲ. ಕಂಪ್ಯೂಟರಿನಲ್ಲಿ ಗೋಚರತೆಯನ್ನು 800 ಮೀಟರಿನಿಂದ 300ಕ್ಕೆ ಇಳಿಸಲು ಒಂದು ಅಂಕಿ ಬದಲಿಸಿದರೆ ಸಾಕು. ದೀಪದ ತೀವ್ರತೆ, ದೂರ, ಮಂಜಿನ ದಟ್ಟಣೆ ತಿಳಿದಿದ್ದರೆ ಪೈಲಟ್‌ನ ಕಣ್ಣಿಗೆ ತಲುಪುವ ಬೆಳಕನ್ನು ಅಲಾರ್ಡ್ ನಿಯಮ ಲೆಕ್ಕ ಹಾಕಿ ಕೊಡುತ್ತದೆ. ಇಳಿಯುವ ಕೋನ ತೋರಿಸುವ ನಾಲ್ಕು ಪಾಪಿ (PAPI) ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ಮೂರು ಕೆಂಪಾದರೆ ವಿಮಾನ ತಗ್ಗಿದೆ. ಇದನ್ನೂ ಯಾರ ಜೀವಕ್ಕೂ ಅಪಾಯವಿಲ್ಲದೆ ಪರೀಕ್ಷಿಸಬಹುದು. ಆದರೆ ತೆರೆಯ ಚಿತ್ರಕ್ಕೆ ಮರುಳಾಗಬೇಡಿ. ದೂರದ ದೀಪ ಒಂದು ಪಿಕ್ಸೆಲ್‌ಗಿಂತ ಚಿಕ್ಕದು. ಅದರ ನಿಜವಾದ ಪ್ರಖರತೆ ತೋರಿಸುವ ಶಕ್ತಿ ಸಾಮಾನ್ಯ ಮಾನಿಟರಿಗಿಲ್ಲ. ಅಂಕಿಗಳನ್ನೇ ನಂಬಿ.

ಗಾಜಿಗೆ ಮೆತ್ತಿದ ಧೂಳು, ಟೈರಿನ ರಬ್ಬರು, ತುಸು ವಾಲಿದ ದೀಪ ಸಿಕ್ಕಿಬೀಳುವುದು ನೇರ ಅಳತೆಯಲ್ಲಿ. ಅದಕ್ಕೆ ಬೆಳಕು ಅಳೆಯುವ ಸಲಕರಣೆ ಹೊತ್ತ ವಾಹನ ಬೇಕು, ಖಾಲಿ ರನ್‌ವೇ ಬೇಕು, ಅನುಮತಿಯಂತೂ ಬೇಕೇ ಬೇಕು.

ಅನುಮತಿ ಕೈಗೆಟುಕದಿದ್ದರೆ ಸಿಮ್ಯುಲೇಶನ್ ಆರಿಸಿ. ಜೊತೆಗೆ ಬಳಸಿದ ಹಳೆಯ ದೀಪವೊಂದರ ಬೆಳಕನ್ನು ಪ್ರಯೋಗಾಲಯದಲ್ಲಿ ಅಳೆದು ಮಾದರಿಗೆ ಸೇರಿಸಿ. ತಯಾರಕರು ಕೊಡುವ ಅಂಕಿಗಳು ಹೊಸ ದೀಪದವು.