ತುಮಕೂರಿನ ಮನೆಗೆ ಯಾವ ಕನ್ನಡ ವಾಹಿನಿ ಗುಚ್ಛ?

2019ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ ವಾಹಿನಿಗಳನ್ನು ಬಿಡಿಯಾಗಿಯೋ ಒಂದೇ ಒಡೆತನದ ಜಾಲದ ಗುಚ್ಛವಾಗಿಯೋ ಕೊಳ್ಳಬಹುದಾದ್ದರಿಂದ, ಯಾವ ವಾಹಿನಿ ಯಾರದ್ದೆಂದು ತುಮಕೂರಿನ ಕೇಬಲ್ ಗ್ರಾಹಕರು ಅರಿತಿರುವುದು ಒಳಿತು.

ಈಟಿವಿ ಕನ್ನಡವಾಗಿ ಹುಟ್ಟಿ 2015ರಲ್ಲಿ ಹೆಸರು ಬದಲಿಸಿಕೊಂಡ ಕಲರ್ಸ್ ಕನ್ನಡವೂ, ದೀರ್ಘಕಾಲ ಅದರ ಪ್ರತಿಸ್ಪರ್ಧಿಯಾಗಿದ್ದ ಸ್ಟಾರ್ ಸುವರ್ಣವೂ 2024ರ ನವೆಂಬರ್‌ನಲ್ಲಿ ಒಡೆಯ ಸಂಸ್ಥೆಗಳು ವಿಲೀನವಾದ ಬಳಿಕ ಜಿಯೋಸ್ಟಾರ್ ಎಂಬ ಒಂದೇ ಸೂರಿನಡಿ ಸೇರಿವೆ. ನಿನ್ನೆಯ ಎದುರಾಳಿಗಳು ಇಂದು ಒಂದೇ ಮನೆಯವರಾದದ್ದು ವಿಚಿತ್ರವೇ ಸರಿ. ಧಾರಾವಾಹಿಗಳೇ ಮುಖ್ಯವಾದರೆ ಈ ಜೋಡಿಯನ್ನು ಜೀ ಜಾಲದ ಜೀ ಕನ್ನಡದೊಡನೆ ತೂಗಿ ನೋಡಬೇಕು. 1994ರಲ್ಲಿ ಆರಂಭವಾದ ಉದಯ ಟಿವಿ ಚೆನ್ನೈನ ಸನ್ ಜಾಲದ್ದು. ಉದಯ ಮೂವೀಸ್, ಉದಯ ಕಾಮಿಡಿಗಳೂ ಅದೇ ಜಾಲದವಾದ್ದರಿಂದ ಚಲನಚಿತ್ರಪ್ರಿಯರಿಗೆ ನಾನು ಸೂಚಿಸುವುದು ಸನ್ ಜಾಲದ ಗುಚ್ಛವನ್ನೇ. ದೂರದರ್ಶನದ ಚಂದನಕ್ಕೆ ಚಂದಾ ಬೇಕಿಲ್ಲ, ಅದು ಡಿಡಿ ಫ್ರೀ ಡಿಶ್‌ನಲ್ಲೂ ಸಿಗುತ್ತದೆ.