ಬಾಡಿಗೆ ಪೋರ್ಷನ್‌ಗೆ ಹಾಕ್ಸಿದ ಸಬ್ ಮೀಟರ್: ದುಡ್ಡಿಗೆ ಮೋಸ ಇಲ್ಲ, ನ್ಯೂಟ್ರಲ್ ಮಾತ್ರ ನೋಡ್ಕೊಳ್ಳಿ

ಒಂದೇ ಆರ್‌ಆರ್ ನಂಬರ್, ಅಂದ್ರೆ ಒಂದೇ ಕರೆಂಟ್ ಕನೆಕ್ಷನ್, ಎರಡು ಅಡುಗೆಮನೆ. ಬೆಂಗಳೂರಿನ ಹಳೇ ಏರಿಯಾಗಳಲ್ಲಿ ಇಂಥ ಮನೆ ಬೇಕಾದಷ್ಟಿದಾವೆ, ಶ್ರೀನಗರದಲ್ಲಿರೋ ನಮ್ಮದೂ ಅದೇ ಥರ, ಮೇಲೆ ನಾವು, ಕೆಳಗೆ ಬಾಡಿಗೆಯವ್ರು, ಕರೆಂಟ್ ಬಿಲ್ ಬಂದ್ರೆ ಅರ್ಧ ಅರ್ಧ. 2023ರಲ್ಲಿ ಗೃಹಜ್ಯೋತಿ ಬಂದ್ಮೇಲೆ ಆ ಅರ್ಧ ಅರ್ಧ ಲೆಕ್ಕ ಕೈಕೊಟ್ತು. ಮೀಟರ್ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕಲ್ಲ, ಹಾಗಾಗಿ ಎರಡೂ ಮನೆ ಸೇರಿ 205 ಆದ ತಿಂಗಳು ದಾಟ್ಸಿದ್ದು ಯಾರು ಅನ್ನೋದೇ ದೊಡ್ಡ ಪ್ರಶ್ನೆ, ಯಾರೂ ಬಾಯಿಬಿಟ್ಟು ಕೇಳಲ್ಲ ಆದ್ರೆ ಮೆಟ್ಟಿಲಲ್ಲಿ ಸಿಕ್ಕಾಗ ಮುಖ ನೋಡಿದ್ರೆ ಗೊತ್ತಾಗತ್ತೆ. ಅದಕ್ಕೇ ಕೆಳಗಡೆಯವ್ರ ಬಳಕೆ ಮಾತ್ರ ಬೇರೆ ಅಳೆಯೋಕೆ ಸಬ್ ಮೀಟರ್ ಹಾಕ್ಸಿದ್ದು.

ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದ್ರೆ ಎಲೆಕ್ಟ್ರಿಕಲ್ ಅಂಗಡಿಗಳ ಸಾಲೇ ಇದೆ, ಸಿಂಗಲ್ ಫೇಸ್ ಮೀಟರ್ ಸಾವಿರ ರೂಪಾಯಿ ಒಳಗೇ ಸಿಕ್ತು. ಮೇಲೆ 5-30 ಎ, ಕ್ಲಾಸ್ 1, 3200 ಇಂಪಲ್ಸ್, ಐಎಸ್ 13779 ಅಂತ ಪ್ರಿಂಟ್ ಆಗಿದೆ. ತಗೊಳ್ಳೋವಾಗ ಈ ಸಾಲು ಓದ್ಲೇಬೇಕು. ಐಎಸ್ 13779 ಅನ್ನೋದು ಇಂಥ ಮೀಟರ್‌ಗಳ ಭಾರತೀಯ ಸ್ಟ್ಯಾಂಡರ್ಡ್. 5 ಅನ್ನೋದು ಬೇಸಿಕ್ ಕರೆಂಟ್, ಅಂದ್ರೆ ಮೀಟರ್ ಲೆಕ್ಕಾಚಾರಕ್ಕೆ ಆಧಾರವಾಗಿ ಇಟ್ಕೊಂಡಿರೋ ಆಂಪ್, 30 ಅನ್ನೋದು ಗರಿಷ್ಠ ಆಂಪ್. ಕ್ಲಾಸ್ 1 ಅಂದ್ರೆ ಹೆಚ್ಚುಕಮ್ಮಿ ಶೇಕಡ 1, ಅಂದ್ರೆ 200 ಯೂನಿಟ್‌ಗೆ 2 ಯೂನಿಟ್ ಆಕಡೆ ಈಕಡೆ. 3200 ಅಂದ್ರೆ ಮುಂದೆ ಇರೋ ಕೆಂಪು ಲೈಟ್ 3200 ಸಲ ಮಿಣುಕಿದ್ರೆ ಒಂದು ಯೂನಿಟ್, ಒಂದು ಯೂನಿಟ್ ಅಂದ್ರೆ ಸಾವಿರ ವಾಟ್ ಒಂದು ಗಂಟೆ ಓಡಿದಷ್ಟು.

ಅಳೆಯೋದು ಹೆಂಗೆ ಅಂತ ತಿಳ್ಕೊಂಡ್ರೆ ಅರ್ಧ ಜಗಳ ಅಲ್ಲೇ ಮುಗಿಯತ್ತೆ. ಹಳೇ ಮೀಟರಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗ್ತಿತ್ತು, ವೋಲ್ಟೇಜ್‌ಗೆ ಒಂದು ಕಾಯಿಲ್, ಕರೆಂಟ್‌ಗೆ ಒಂದು ಕಾಯಿಲ್, ಎರಡೂ ಸೇರಿ ತಟ್ಟೆ ತಿರುಗ್ಸೋದು, ಪಕ್ಕದಲ್ಲಿ ಒಂದು ಮ್ಯಾಗ್ನೆಟ್ ಬ್ರೇಕ್ ಥರ ಹಿಡಿಯೋದು, ಹಾಗಾಗಿ ಎಷ್ಟು ವಾಟ್ ಎಳೀತೀವೋ ಅಷ್ಟೇ ಸ್ಪೀಡು. ಬುಡಾಪೆಸ್ಟ್‌ನ ಗಾಂಜ್ ಕಂಪನಿಯ ಒಟ್ಟೊ ಬ್ಲಾಥಿ 1889ರಲ್ಲೇ ಈ ಥರ ಮೀಟರ್‌ಗೆ ಪೇಟೆಂಟ್ ತಗೊಂಡಿದ್ದ, ನಮ್ಮ ತಾತನ ಕಾಲದ ಮನೆಗಳಲ್ಲೂ ಅದೇ ತತ್ವ. ಈಗಿನದ್ರಲ್ಲಿ ಆ ತಿರುಗೋ ತಟ್ಟೆ ಇಲ್ಲ, ಒಳಗಿರೋ ಚಿಪ್ಪು ವೋಲ್ಟೇಜನ್ನೂ ಕರೆಂಟನ್ನೂ ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆಯಾ ಕ್ಷಣದ್ದು ಆವಾಗ್ಲೇ ಗುಣಿಸಿ ಕೂಡಿಸ್ತಾ ಹೋಗತ್ತೆ, ಒಂದು ಯೂನಿಟ್‌ನ 3200ರಲ್ಲಿ ಒಂದು ಪಾಲು ಆದ ತಕ್ಷಣ ಲೈಟ್ ಮಿಣುಕಿಸತ್ತೆ. ಇನ್ನೊಂದು ವಿಷ್ಯ, ಈ 5 ಆಂಪ್ ಕ್ಲಾಸ್ 1 ಮೀಟರ್ ಸುಮಾರು 20 ಮಿಲಿ ಆಂಪ್‌ಗೇ, ಅಂದ್ರೆ ನಾಲ್ಕೈದು ವಾಟ್‌ಗೇ ಎಣಿಸೋಕೆ ಶುರು ಮಾಡ್ಬೇಕು ಅಂತ ಸ್ಟ್ಯಾಂಡರ್ಡ್ ಇದೆ. ಸವೆದು ಬಿಗಿಯಾದ ಹಳೇ ತಟ್ಟೆ ಅಷ್ಟು ಚಿಕ್ಕ ಲೋಡ್‌ಗೆ ಅಲ್ಲಾಡ್ತಾನೇ ಇರ್ಲಿಲ್ಲ. ಹೊಸ ಮೀಟರ್ ಹಾಕಿದ್ಮೇಲೆ ಬಿಲ್ ಜಾಸ್ತಿ ಬರತ್ತೆ ಅಂತ ಜನ ಹೇಳೋದ್ರಲ್ಲಿ ಇದೂ ಒಂದು ಕಾರಣ, ರಿಮೋಟಲ್ಲಿ ಆಫ್ ಮಾಡಿ ಬಿಟ್ಟ ಸೆಟ್ ಟಾಪ್ ಬಾಕ್ಸ್ 10 ವಾಟ್ ಎಳೀತಿದ್ರೆ ತಿಂಗಳಿಗೆ 7 ಯೂನಿಟ್ ಮೇಲಾಯ್ತು.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಎಲೆಕ್ಟ್ರೀಷಿಯನ್ ಬಂದ್ರು, ಹಾಕಿದ್ರು, ಬಲ್ಬ್ ಹತ್ತಿಸಿ ತೋರ್ಸಿದ್ರು, ಹೋದ್ರು. ರಾತ್ರಿ ಕೆಳಗಡೆ ಮನೆ ಅಕ್ಕ ಕರೆದ್ರು, "ನೋಡಿ, ನಮ್ಮನೇಲಿ ಎಲ್ಲಾ ಆಫ್ ಮಾಡಿದೀವಿ, ಫ್ರಿಜ್ ಪ್ಲಗ್ಗೂ ತೆಗ್ದಿದೀವಿ, ಆದ್ರೂ ಮಿಣುಕ್ತಾನೇ ಇದ್ಯಲ್ಲ ಇದು". ಹೋಗಿ ನೋಡಿದ್ರೆ ನಿಜ. ಕೆಂಪು ಲೈಟ್ ಮಿಣುಕ್ತಿದೆ, ಪಕ್ಕದಲ್ಲಿ ಅರ್ಥ್ ಅಂತ ಬರೆದಿರೋ ಇನ್ನೊಂದು ಲೈಟು ಒಂದೇ ಸಮ ಉರೀತಿದೆ. ಮೇಲೆ ಹೋಗಿ ನಮ್ಮ ಇಂಡಕ್ಷನ್ ಸ್ಟವ್ ಆಫ್ ಮಾಡಿದ್ವಿ ನೋಡಿ, ಕೆಳಗಿನ ಮೀಟರ್ ತಣ್ಣಗಾಯ್ತು!

ಕಾರಣ ಇಷ್ಟು. ಈ ಮೀಟರ್ ಫೇಸಲ್ಲೂ ನ್ಯೂಟ್ರಲಲ್ಲೂ ಎರಡು ಕಡೆ ಕರೆಂಟ್ ಅಳೆಯತ್ತೆ. ಸರಿಯಾದ ವೈರಿಂಗಲ್ಲಿ ಫೇಸಲ್ಲಿ ಹೋದಷ್ಟೇ ನ್ಯೂಟ್ರಲಲ್ಲಿ ವಾಪಸ್ ಬರ್ಬೇಕು. ಯಾರಾದ್ರೂ ನ್ಯೂಟ್ರಲ್ ತಪ್ಪಿಸಿ ಕರೆಂಟನ್ನ ಅರ್ಥ್‌ಗೆ ಕೊಟ್ಟು ಕಳ್ಳತನ ಮಾಡಿದ್ರೆ ಗೊತ್ತಾಗ್ಲಿ ಅಂತ, ಎರಡ್ರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ತಗೊಳ್ಳತ್ತೆ. ನಮ್ಮನೆ ಹಳೇ ಜಂಕ್ಷನ್ ಬಾಕ್ಸ್‌ನಲ್ಲಿ ಮೇಲಿನ ನ್ಯೂಟ್ರಲ್, ಕೆಳಗಿನ ನ್ಯೂಟ್ರಲ್ ಎರಡೂ ಒಂದೇ ಗಂಟಲ್ಲಿ ಸುತ್ತಿ ಟೇಪ್ ಹಾಕಿದ್ರು. ನಮ್ಮ ಕರೆಂಟ್ ವಾಪಸ್ ಬರೋವಾಗ ಒಂದು ಪಾಲು ಅವ್ರ ಮೀಟರ್ ಮೂಲಕ ಬರ್ತಿತ್ತು, ಅದು ಪಾಪ ನಿಯತ್ತಾಗಿ ಅವ್ರ ಲೆಕ್ಕಕ್ಕೆ ಸೇರಿಸ್ತಿತ್ತು. ಆ ಅಕ್ಕ ಕೇಳ್ದೇ ಇದ್ದಿದ್ರೆ ನಮ್ಮ ಅಡುಗೆ ಖರ್ಚನ್ನ ಅವ್ರು ಕಟ್ಟೋರು, ಇದು ನಂಗೆ ನಿಜವಾಗ್ಲೂ ಬೇಜಾರಾದ ವಿಷ್ಯ, ಯಾಕಂದ್ರೆ ನ್ಯಾಯವಾಗಿರ್ಲಿ ಅಂತಾನೇ ಹಾಕ್ಸಿದ್ದು. ಆಮೇಲೆ ಬೇರೆ ಎಲೆಕ್ಟ್ರೀಷಿಯನ್ ಬಂದು ಗಂಟು ಬಿಚ್ಚಿ ಕೆಳಗಡೆಗೆ ಪ್ರತ್ಯೇಕ ನ್ಯೂಟ್ರಲ್ ಎಳೆದ್ರು, ಆವಾಗ್ಲೇ ಅರ್ಥ್ ಲೈಟ್ ಆರಿದ್ದು. ಮೀಟರ್‌ದು ತಪ್ಪೇನೂ ಇಲ್ಲ, ನನ್ ಪ್ರಕಾರ ಆ ಲೈಟ್ ಇರೋ ಮೀಟರನ್ನೇ ತಗೊಳ್ಳಿ, ಇಲ್ದೇ ಇರೋದ್ರಲ್ಲಿ ಇದು ಗೊತ್ತೇ ಆಗಲ್ಲ.

ಬೆಸ್ಕಾಂ ಮೀಟರ್ ಜೊತೆ ತಾಳೆ ನೋಡೋದು ಸುಲಭ. ನಮ್ಮ ಕಡೆದೆಲ್ಲಾ ಆಫ್ ಮಾಡಿ, ಕೆಳಗಡೆ ಗೀಸರ್ ಒಂದನ್ನೇ ಹಾಕಿ, ಎರಡೂ ಮೀಟರ್ ಮುಂದೆ ಒಬ್ಬೊಬ್ರು ನಿಂತ್ವಿ. ಬೆಸ್ಕಾಂ ಮೀಟರೂ 3200ರದ್ದೇ, ಹಾಗಾಗಿ ಬರೀ ಎಣಿಸಿದ್ರೆ ಸಾಕು, ಇಲ್ಲಿ ನೂರಾದಾಗ ಅಲ್ಲೂ ನೂರು. ವಾಟ್ ಬೇಕು ಅಂದ್ರೆ 3600ನ್ನ ಮಿಣುಕಿದ ಸಂಖ್ಯೆಯಿಂದ ಗುಣಿಸಿ, 3200ರಿಂದಲೂ ಆದ ಸೆಕೆಂಡಿಂದಲೂ ಭಾಗಿಸಿದ್ರೆ ಕಿಲೋವಾಟ್ ಸಿಗತ್ತೆ. 2 ಕಿಲೋವಾಟ್ ಗೀಸರ್ ಅಂದ್ರೆ 20 ಮಿಣುಕಿಗೆ 11 ಸೆಕೆಂಡ್ ಸ್ವಲ್ಪ ಮೇಲೆ ಆಗ್ಬೇಕು, ನಮ್ಗೆ 13 ಹತ್ರ ಬಂತು. ಸಂಜೆ ಹೊತ್ತು ವೋಲ್ಟೇಜ್ 215 ಇತ್ತು, 230ಕ್ಕೆ ಅಂತ ಮಾಡಿರೋ ಗೀಸರ್ 215ರಲ್ಲಿ 1.75 ಕಿಲೋವಾಟೇ ಎಳೆಯೋದು, ಲೆಕ್ಕ ಸರಿಯಾಗೇ ಕೂತ್ಕೊಳ್ತು.

ಕೆಳಗಡೆ ಮನೆ ಹುಡುಗ ವೈರ್ ಸುತ್ತ ಕಚ್ಚಿಸಿ ಆಂಪ್ ಅಳೆಯೋ ಕ್ಲ್ಯಾಂಪ್ ಮೀಟರ್ ತಂದು ಫ್ರಿಜ್ ವೈರ್‌ಗೆ ಹಾಕಿ, ಆಂಪ್‌ನ 230ರಿಂದ ಗುಣಿಸಿ, ಸಬ್ ಮೀಟರ್ ತೋರ್ಸೋದಕ್ಕೂ ಇದಕ್ಕೂ ಹೊಂದಲ್ಲ ಅಂದ. ಹೊಂದೋದೂ ಇಲ್ಲ. ಮೋಟರ್ ಇರೋ ಸಾಮಾನಲ್ಲಿ ಕರೆಂಟು ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳತ್ತೆ, ಆ ಗುಣಾಕಾರದಲ್ಲಿ ಬರೋದೆಲ್ಲಾ ಕೆಲಸಕ್ಕೆ ಬಳಕೆ ಆಗಿರಲ್ಲ, ಪವರ್ ಫ್ಯಾಕ್ಟರ್ ಅನ್ನೋದು ಇದೇ. ಮನೆ ಬಿಲ್ ಬರೋದು ನಿಜವಾಗಿ ಬಳಸಿದ ಯೂನಿಟ್‌ಗೆ ಮಾತ್ರ, ಅವನ ಲೆಕ್ಕಕ್ಕಿಂತ ಮೀಟರ್ ಕಮ್ಮಿನೇ ತೋರಿಸ್ತಿತ್ತು, ಅವ್ರಿಗೇ ಲಾಭ.

ಕೊರತೆನೂ ಹೇಳ್ಬೇಕು. ಕವರ್ ಪ್ಲಾಸ್ಟಿಕ್ ತೀರಾ ತೆಳು, ಟರ್ಮಿನಲ್ ಸ್ಕ್ರೂ ಮೆತ್ತಗಿದೆ, ಬಿಗಿ ಮಾಡೋವಾಗ ಹುಷಾರು, ಲೂಸ್ ಬಿಟ್ರೆ ಗೀಸರ್ ಲೋಡ್‌ಗೆ ಅಲ್ಲೇ ಕಾದು ಕರಗತ್ತೆ. ನಂಬರ್ ಚಕ್ರದಲ್ಲಿ ಕೊನೇದು ಕೆಂಪು ಬಣ್ಣದ್ದು, ಅದು ಯೂನಿಟ್‌ನ ಹತ್ತನೇ ಒಂದು ಭಾಗ, ರೀಡಿಂಗ್ ಬರೆಯೋವಾಗ ಅದನ್ನ ಸೇರಿಸ್ಬಾರ್ದು, ಸೇರಿಸಿದ್ರೆ ಹತ್ತು ಪಟ್ಟು ಬಿಲ್ ಆಗತ್ತೆ! ಮ್ಯಾನುಯಲ್‌ನಲ್ಲಿ ಇದ್ರ ಬಗ್ಗೆ ಒಂದು ಸಾಲೂ ಇಲ್ಲ, ಕಂಪನಿಯವ್ರು ಹಾಕ್ಬೇಕಿತ್ತು. ಈಗ ಒಂದನೇ ತಾರೀಕು ಇಬ್ರೂ ಸೇರಿ ಎರಡೂ ಮೀಟರ್ ಫೋಟೋ ತಗೊಂಡು ವಾಟ್ಸಾಪಲ್ಲಿ ಹಾಕ್ಕೋತೀವಿ.

ಸಂಪಿಂದ ಟ್ಯಾಂಕಿಗೆ ನೀರು ಏರಿಸೋ ಮೋಟರ್ ಮಾತ್ರ ಇನ್ನೂ ನಮ್ಮ ಕಡೆ ಲೆಕ್ಕದಲ್ಲೇ ಇದೆ, ನೀರು ಇಬ್ರಿಗೂ ಸೇರಿದ್ದು, ಒಂದು ಎಚ್‌ಪಿ ಮೋಟರ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನತ್ತೆ. ಅದಕ್ಕೂ ಇದೇ ಮೀಟರ್ ಇನ್ನೊಂದು ತರ್ತೀನಿ, ಈ ಸಲ ನ್ಯೂಟ್ರಲ್ ಬೇರೆ ಎಳೆದ ಮೇಲೇ ಹಾಕ್ಸೋದು.