ನರ್ಸಿಂಗ್ ಹೋಮಿಗೆ ನೀರು ನಿಂತರೆ: ಸಂಪಾ, ಬೋರಾ, ಟ್ಯಾಂಕರಾ?

ನಲ್ಲಿ ನೀರು ಬರದಿದ್ದಾಗ ತೀರ್ಥಹಳ್ಳಿ ಕಡೆಯ ನಿಮ್ಮ ನರ್ಸಿಂಗ್ ಹೋಮಿಗೆ ಸಂಪು, ಬೋರು, ಟ್ಯಾಂಕರ್ ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ನಲ್ಲಿ ನಿಂತ ತಕ್ಷಣ ಕೈಗೆ ಸಿಗೋದು ಸಂಪಿನ ನೀರು. ಬೋರಿಗೆ ಕರೆಂಟು ಬೇಕು, ಅಲ್ವಾ? ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಪಂಪೂ ನಿಲ್ಲುತ್ತದೆ. ಮೋಟರಿಗೆ ಜನರೇಟರ್ ಲೈನ್ ಕೊಟ್ಟಿದೆಯಾ ನೋಡಿ. ಅದೇ ಮರ ರಸ್ತೆಗೆ ಬಿದ್ದರೆ ಟ್ಯಾಂಕರೂ ಬರುವುದಿಲ್ಲ.

ಸಂಪಿಗೆ ಮೊದಲು ಖರ್ಚು ಜಾಸ್ತಿ, ಆಮೇಲೆ ತೊಳೆಸುವುದಷ್ಟೇ. ಟ್ಯಾಂಕರಿಗೆ ತರಿಸಿದಾಗ ಮಾತ್ರ ದುಡ್ಡು. ಆದರೆ ಬೇಸಿಗೆಯಲ್ಲಿ ಸರದಿ ಕಾಯಬೇಕು. ಆಸ್ಪತ್ರೆಗೇ ಮೊದಲ ಲೋಡು ಅಂತ ಮುಂಚೆಯೇ ಬರೆಸಿಕೊಳ್ಳಿ.

ನನಗೆ ಹೆಚ್ಚು ಆತಂಕ ಡಯಾಲಿಸಿಸ್ ಬಗ್ಗೆ, ಅಂದರೆ ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡುವ ಚಿಕಿತ್ಸೆಯ ಬಗ್ಗೆ. ನಿಮಿಷಕ್ಕೆ 500 ಮಿಲಿಲೀಟರ್ ಲೆಕ್ಕದಲ್ಲಿ, 4 ಗಂಟೆಗೆ ಒಬ್ಬರಿಗೇ 120 ಲೀಟರ್ ಶುದ್ಧ ನೀರು ಬೇಕು. ನೀರು ಶುದ್ಧ ಮಾಡುವಾಗ ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಈ ಲೆಕ್ಕದಲ್ಲಿ ಸೇರಿಲ್ಲ. ಟ್ಯಾಂಕರ್ ನೀರಿಗೆ ಕ್ಲೋರಿನ್ ಜಾಸ್ತಿ ಬಿದ್ದು, ಕಾರ್ಬನ್ ಫಿಲ್ಟರ್ ಅದನ್ನು ತಡೆಯದಿದ್ದರೆ ರೋಗಿಯ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಪ್ರತಿ ಲೋಡನ್ನೂ ಪರೀಕ್ಷೆ ಮಾಡದೆ ಬಳಸಲೇಬೇಡಿ.

ಬರೀ ಹೊರರೋಗಿಗಳಿದ್ದರೆ ಚಿಕ್ಕ ಸಂಪು, ಟ್ಯಾಂಕರ್ ಸಾಕು. ಹೆರಿಗೆ, ಆಪರೇಷನ್ ಇದ್ದರೆ ಸಂಪಿನ ಜೊತೆ ಬೋರೂ ಇರಲಿ. ಡಯಾಲಿಸಿಸ್ ಇದ್ದರೆ ಅದಕ್ಕೇ ಪ್ರತ್ಯೇಕ ಟ್ಯಾಂಕ್ ಕಟ್ಟಿಸಿ, ನೀರು ಸಾಲದಾಗ ರೋಗಿಗಳನ್ನು ಕಳಿಸಲು ಶಿವಮೊಗ್ಗದ ಒಂದು ಡಯಾಲಿಸಿಸ್ ಕೇಂದ್ರದ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ.